ಭಾವನ ಬೂಟಿಗೆ ಮೆತ್ತೆ

ಬೂಟು ಕಂದು ಬಣ್ಣದ್ದು ಎಂದು ನನ್ನ ನೆನಪು. ಅಕ್ಕ ಕಪ್ಪು ಎನ್ನುತ್ತಾಳೆ. ಅವಳ ನೆನಪನ್ನು ನಂಬುವುದಕ್ಕೂ ನನಗೆ ಕಾರಣವಿಲ್ಲ. ಅದೇ ಬೂಟನ್ನು ಅವಳು ಒಮ್ಮೆ ಮಿಲಿಟರಿಯವರದು ಎಂದೂ ಇನ್ನೊಮ್ಮೆ ಬೆಂಗಳೂರಿನಿಂದ ತರಿಸಿದ್ದು ಎಂದೂ ಹೇಳಿದ್ದಾಳೆ. ನಾವಿಬ್ಬರೂ ಒಪ್ಪುವುದು ಇಷ್ಟನ್ನೇ: ಅದು ದೂರ ನಡೆಯುವವರಿಗೆಂದು ಮಾಡಿದ, ಕಣಕಾಲು ಮುಚ್ಚುವ ದಪ್ಪ ಬೂಟು, ಮತ್ತು ಅದರೊಳಗೆ ಅಂಗಾಲಿನ ಕೆಳಗೆ ಇರಬೇಕಾದ ಮೆತ್ತೆ ಇರಲಿಲ್ಲ. ಮೆತ್ತೆಯನ್ನು ಅಕ್ಕನ ಗಂಡ, ನಮ್ಮ ಭಾವ, ಬೂಟು ಮನೆಗೆ ಬಂದ ದಿನವೇ ಚಾಕು ಹಾಕಿ ಎಬ್ಬಿಸಿ ತೆಗೆದಿದ್ದರು.

ದಾವಣಗೆರೆ ಆಗತಾನೆ ಜಿಲ್ಲೆಯಾಗಿತ್ತು. ಬೋರ್ಡು ಬರೆಯುವವರಿಗೆ ಕೈತುಂಬ ಕೆಲಸ. ಭಾವನಿಗೆ ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ದಲಾಲಿ ಅಂಗಡಿಯಿತ್ತು. ನಾನು ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತ, ಎಸ್.ಎಸ್. ಬಡಾವಣೆಯ ಅವರ ಮನೆಯ ಮಹಡಿ ಕೋಣೆಯಲ್ಲಿ ಇದ್ದೆ. ಎರಡು ಹೊತ್ತು ಅಕ್ಕನ ಕೈಯ ಊಟ. ಹಾಗಾಗಿ ಆ ಮನೆಯಲ್ಲಿ ಯಾರು ಏನು ಹೇಳಿದರೂ ಆಗುವುದಿಲ್ಲ ಎನ್ನುವ ಹಕ್ಕು ನನಗಿರಲಿಲ್ಲ.

ಬೂಟು ಬರುವುದಕ್ಕೆ ಸ್ವಲ್ಪ ಮೊದಲು ಅಕ್ಕನಿಗೆ ಹೊಟ್ಟೆಯ ಆಪರೇಶನ್ ಆಗಿತ್ತು. ಅವಳು ಒಳಗಿದ್ದಾಗ ಭಾವ ಆಸ್ಪತ್ರೆಯ ವರಾಂಡದಲ್ಲಿ ನಿಂತು ಹರಿಹರದ ದೇವರಿಗೆ ಹರಕೆ ಹೊತ್ತರು. ಇವಳು ಎದ್ದು ಮನೆಗೆ ಬಂದರೆ, ಒಂದು ವರ್ಷ ಪ್ರತಿ ಹುಣ್ಣಿಮೆಗೆ ದಾವಣಗೆರೆಯಿಂದ ಹರಿಹರಕ್ಕೆ ಬರಿಗಾಲಲ್ಲಿ ನಡೆದು ಬರುತ್ತೇನೆ ಎಂದು. ಅಕ್ಕ ಎದ್ದು ಮನೆಗೆ ಬಂದಳು. ಆದರೆ ರಕ್ತ ಬೇಕಾದರೆ ಇರಲಿ ಎಂದು ಆಸ್ಪತ್ರೆಯವರು ಭಾವನ ರಕ್ತವನ್ನೂ ಪರೀಕ್ಷೆ ಮಾಡಿದ್ದರು. ಅದರಲ್ಲಿ ಸಕ್ಕರೆ ಕಾಯಿಲೆ ಬಯಲಾಯಿತು. ಹೀಗೆ ಹೆಂಡತಿ ಗುಣವಾಗಿ ಬಂದ ವಾರವೇ ಗಂಡ ರೋಗಿಯಾಗಿ ಬಂದರು. ಡಾಕ್ಟರು, ಬರಿಗಾಲಲ್ಲಿ ಅಂಗಳಕ್ಕೂ ಇಳಿಯಬೇಡಿ, ದಿನಾ ನಡೆಯಿರಿ, ಬೂಟು ಹಾಕಿಕೊಂಡು ನಡೆಯಿರಿ ಎಂದರು.

ದೇವರಿಗೆ ಕೊಟ್ಟ ಮಾತು ಒಂದು ಕಡೆ, ಡಾಕ್ಟರ ಮಾತು ಇನ್ನೊಂದು ಕಡೆ. ಮನೆತನದ ಪೂಜೆಗೆ ಬರುವ ಅಯ್ಯನವರನ್ನು ಕರೆಸಿದರು. ಅವರು ಹಾಲು ಕುಡಿದು, ಲೋಟ ಕೆಳಗಿಟ್ಟು, ತೀರ್ಪು ಕೊಟ್ಟರು.

“ಡಾಕ್ಟ್ರು ಬೂಟು ಅಂದ್ರೆ ಬೂಟೇ ಹಾಕ್ಕೊಳ್ಳಪ್ಪ. ದೇವ್ರೇನು ಕಾಲು ಮುರ್ಕೊಂಡು ಬಾ ಅಂದಿಲ್ಲ. ಆದ್ರೆ ಕಾಲಿಗೆ ಸುಖ ಆಗಬಾರದು ನೋಡು, ಅಷ್ಟೇ.”

ಭಾವನಿಗೆ ಇದು ಥಟ್ಟನೆ ಅರ್ಥವಾಯಿತು. ಅವರ ದಂಧೆಯಲ್ಲಿ ಖಾಲಿ ಚೀಲದ ತೂಕ ಕಳೆದ ಮೇಲೆ ಉಳಿದದ್ದೇ ಕಾಳಿನ ತೂಕ. ಬೂಟಿನಿಂದ ಸುಖ ಕಳೆದರೆ ಉಳಿಯುವುದು ಹರಕೆ. ಸುಖ ಇದ್ದದ್ದು ಮೆತ್ತೆಯಲ್ಲಿ. ಅದನ್ನು ಕಿತ್ತರು. ಅಕ್ಕ ಕಿತ್ತ ಮೆತ್ತೆಗಳನ್ನು ಎಸೆಯಲು ಮನಸ್ಸಾಗದೆ ತುಂಡು ಮಾಡಿ, ಕುಣಿದಾಡುತ್ತಿದ್ದ ಮಿಕ್ಸಿಯ ಅಡಿಗೆ ಇಟ್ಟಳು. ಮಿಕ್ಸಿ ತೆಪ್ಪಗಾಯಿತು. ಆ ಬೂಟಿನಿಂದ ಆ ಮನೆಯಲ್ಲಿ ಮೊದಲು ಸುಖಪಟ್ಟದ್ದು ಮಿಕ್ಸಿ.

ನನ್ನನ್ನು ಕಾವಲಿಗೆ ಕಳಿಸಿದ್ದು ಅಕ್ಕ. “ನೀನೂ ಹೋಗು. ದಾರ್‍ಯಾಗೆ ಎಲ್ಲಾರ ತಲಿ ತಿರುಗಿ ಬಿದ್ದಾರು. ಹೆಂಗೂ ಓದ್ತೀನಿ ಅಂತ ಮ್ಯಾಲೆ ಮಲಗಿರ್ತಿ.”

ಬೆಳಕು ಹರಿಯುವ ಮುಂಚೆ ಹೊರಟು ಹೆದ್ದಾರಿ ಹಿಡಿಯುತ್ತಿದ್ದೆವು. ಇಲ್ಲಿ ನನ್ನ ನೆನಪು ಒಂದು ಸೂರ್ಯೋದಯವನ್ನು ತಂದು ಇಡುತ್ತದೆ, ಭತ್ತದ ಗದ್ದೆಯ ಮೇಲೆ, ಕೆಂಪಗೆ. ಅದನ್ನು ತೆಗೆದುಹಾಕುತ್ತಿದ್ದೇನೆ. ನಿಜವಾಗಿ ಕಂಡದ್ದು ಲಾರಿಗಳ ಹಿಂಭಾಗ. ಲಾರಿ ಹೋದ ಮೇಲೆ ಧೂಳು, ಧೂಳು ಇಳಿದ ಮೇಲೆ ಇನ್ನೊಂದು ಲಾರಿ. ನನ್ನ ಕಾಲಲ್ಲಿ ಹವಾಯಿ ಚಪ್ಪಲಿ. ಹರಕೆ ಹೊರದ ನಾನು ಕುಂಟುತ್ತಿದ್ದೆ. ಹರಕೆ ಹೊತ್ತವರು ಮುಂದೆ ಮುಂದೆ ಟಪಟಪ ಹೋಗುತ್ತಿದ್ದರು.

“ಕಾಲು ನೋಯ್ತಾವೇನ್ರಿ ಭಾವ?” ಎಂದು ಒಂದು ಸೇತುವೆಕಟ್ಟೆಯ ಮೇಲೆ ಕೂತಾಗ ಕೇಳಿದೆ. ಅದು ಮೂರನೆಯ ಹುಣ್ಣಿಮೆಯೋ ನಾಲ್ಕನೆಯದೋ.

“ಅದೇ ನೋಡು ಚಿಂತಿ. ಏನೂ ನೋವಾಗವಲ್ದು.”

“ಒಳ್ಳೇದಲ್ಲೇನ್ರಿ?”

“ಏನ್ ಒಳ್ಳೇದು? ನೋವಿಲ್ಲ ಅಂದ್ರೆ ಹರಕಿ ಹೆಂಗಾತು? ವಾಕಿಂಗ್ ಆತು.” ಬೂಟು ಬಿಚ್ಚಿ ಕಲ್ಲಿಗೆ ಬಡಿದರು. “ಕಂಪನಿಯವ ಮೋಸ ಮಾಡ್ಯಾನ. ಕೆಳಗೆ ಇನ್ನೊಂದು ಮೆತ್ತೆ ಇಟ್ಟು ಹೊಲಿದಾನ ಅನಿಸ್ತೈತೆ.”

“ಕಾಲು ಪಳಗಿರಬೇಕು ಬಿಡ್ರಿ.”

“ಹಂಗಂತೀಯಾ?” ಅವರ ಮುಖದಲ್ಲಿ ಸ್ವಲ್ಪ ಹೆಮ್ಮೆ ಬಂತು. ಪಳಗಿದ ಕಾಲು ಎಂಬ ಮಾತು ಇಬ್ಬರಿಗೂ ಹಿಡಿಸಿತು. ಮುಂದಿನ ತಿಂಗಳು ಯಾರ್ಡಿನಲ್ಲಿ ಅವರು ಅದನ್ನೇ ಎಲ್ಲರಿಗೂ ಹೇಳುತ್ತಿದ್ದರಂತೆ.

ಗುಟ್ಟು ಒಡೆದದ್ದು ಮುಂದೊಂದು ಹುಣ್ಣಿಮೆಗೆ, ಹರಿಹರದ ಗುಡಿಯ ಮುಂದೆ. ಚಪ್ಪಲಿ, ಬೂಟುಗಳನ್ನು ಹೂವಿನ ಅಂಗಡಿಯಾಕೆಯ ಹತ್ತಿರ ಬಿಡುವುದು ರೂಢಿ. ಭಾವ ಬೂಟು ಬಿಚ್ಚಿ ನಿಂತರು. ಆಕೆ ಹೂ ಸುತ್ತುವುದನ್ನು ನಿಲ್ಲಿಸಿ ಅವರ ಕಾಲನ್ನೇ ನೋಡಿದಳು.

“ಯಜಮಾನ್ರೆ, ಕಾಲುಚೀಲ ನೆಂದೈತಲ್ರಿ.”

“ಬೆವರವ್ವ.”

“ಬೆವರು ಕೆಂಪಗಿರತೈತೇನ್ರಿ ನಿಮ್ಮೂರಾಗೆ?”

ಬಲಗಾಲಿನ ಹಿಮ್ಮಡಿಯ ಹತ್ತಿರ ಕಾಲುಚೀಲ ಅಂಟಿಕೊಂಡಿತ್ತು. ಭಾವ ಬಗ್ಗಿ ನೋಡಿದರು. ಆ ಕಾಲು ತಮ್ಮದೇ ಎಂಬುದನ್ನು ಖಾತ್ರಿ ಮಾಡಿಕೊಳ್ಳಲು ಬೆರಳು ಆಡಿಸಿದರು. ಆಮೇಲೆ ಅವರು ನನ್ನನ್ನು ಕೇಳಿದ್ದು ದವಾಖಾನೆ ಎಲ್ಲಿದೆ ಎಂದಲ್ಲ.

“ರಕ್ತ ಸೋರ್ತಿದ್ರೆ ಒಳಗೆ ಹೋಗಂಗಿಲ್ಲ, ಹೌದಲ್ಲೋ?”

“ಹೋಗಂಗಿಲ್ರಿ.”

“ಮತ್ತೆ ಇಲ್ಲಿ ತನಕ ಬಂದಿದ್ದು ಲೆಕ್ಕಕ್ಕೆ ಬರ್ತೈತೋ ಇಲ್ಲೋ?”

ಬರುತ್ತದೆ ಎಂದೆ. ಯಾವ ಆಧಾರದ ಮೇಲೆ ಹೇಳಿದೆನೋ ಗೊತ್ತಿಲ್ಲ. ಅವರು ಬೀದಿಯಲ್ಲೇ ನಿಂತು, ಹೊಳೆಯ ಕಡೆಯಿಂದ ಬರುವ ಜನರ ನಡುವೆ, ಗುಡಿಯ ಗೋಡೆಗೆ ಕೈಮುಗಿದರು. ಒಳಗಿರುವ ದೇವರು ಅರ್ಧ ಹರಿ, ಅರ್ಧ ಹರ. ಶಿವನನ್ನು ಬಿಟ್ಟು ಇನ್ನೊಬ್ಬರಿಗೆ ಕೈ ಎತ್ತದ ಮನೆತನ ಭಾವನದು. ಬೇರೆ ದಿನ ಒಳಗೆ ಹೋದಾಗಲೂ ಹರನ ಪಕ್ಕಕ್ಕೆ ಸರಿದು ನಿಂತು, ಆ ಅರ್ಧಕ್ಕಷ್ಟೇ ಮುಗಿಯುತ್ತಿದ್ದರು. ಗೋಡೆಯ ಹೊರಗಿನಿಂದ ಯಾವ ಅರ್ಧ ಯಾವ ಕಡೆ ಎಂದು ತಿಳಿಯದೆ ಆ ದಿನ ಸ್ವಲ್ಪ ಗಲಿಬಿಲಿಗೊಂಡರು.

ಆಟೋ ಹಿಡಿದು ಒಬ್ಬ ಡಾಕ್ಟರ ಬಳಿ ಹೋದೆವು. ಅವರು ಗಾಯ ತೊಳೆದು, ಬೂಟನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಳಗೆ ತಲೆ ಎತ್ತಿದ್ದ ಮೊಳೆಯನ್ನು ತೋರಿಸಿದರು. ಆಮೇಲೆ ಭಾವನ ಅಂಗಾಲಿಗೆ ಪೆನ್ನಿನ ಮೊನೆಯಿಂದ ಅಲ್ಲಲ್ಲಿ ಒತ್ತಿ, ಗೊತ್ತಾಯಿತೇ, ಗೊತ್ತಾಯಿತೇ ಎಂದು ಕೇಳಿದರು. ಭಾವ ಪ್ರತಿ ಸಲವೂ ಹೂಂ ಎಂದರು. ಒಂದೆರಡು ಸಲ ಡಾಕ್ಟರು ಒತ್ತಿರಲೇ ಇಲ್ಲ.

“ನಿಮ್ಮ ಕಾಲಿಗೆ ಜೋಮು ಹಿಡಿದೈತ್ರಿ. ನೋವು ಹೇಳೋ ನರಗಳೇ ಸುಮ್ಮನಾಗ್ಯಾವೆ. ಈ ಗಾಯ ಮೇಲ್ಮೇಲೆ ಐತೆ, ವಾಸಿ ಆಗತೈತೆ. ಇನ್ನೊಂದು ಸಲ ಆದ್ರೆ ಬೆರಳೋ, ಕಾಲೋ, ನಾನು ಹೇಳಾಕೆ ಆಗಲ್ಲ. ನಡಿಯೋದಾದ್ರೆ ಒಳಗೆ ಮೆತ್ತೆ ಹಾಕಿಸಿಕೊಂಡು ನಡೀರಿ. ಇಲ್ಲಾಂದ್ರೆ ಮನ್ಯಾಗೆ ಕೂಡ್ರಿ.”

ಬಸ್ಸಿನಲ್ಲಿ ವಾಪಸಾದೆವು. ಹರಿಹರದಿಂದ ದಾವಣಗೆರೆಯವರೆಗೂ ಭಾವ ಒಂದು ಮಾತೂ ಆಡಲಿಲ್ಲ ಎಂದು ಬರೆಯಬಹುದು. ಬರವಣಿಗೆಗೆ ಅದು ಒಪ್ಪುತ್ತದೆ. ಆದರೆ ಅವರು ದಾರಿಯುದ್ದಕ್ಕೂ ಪಕ್ಕದ ಸೀಟಿನ ರೈತನೊಂದಿಗೆ ಮೆಕ್ಕೆಜೋಳದ ಕಾಳಿನ ತೇವದ ಬಗ್ಗೆ ಮಾತಾಡುತ್ತಿದ್ದರು.

ಮೆತ್ತೆ ಕೊಳ್ಳಬೇಕೇ ಬೇಡವೇ ಎಂಬ ಚರ್ಚೆ ಆ ಮನೆಯಲ್ಲಿ ಮುಂದಿನ ಹುಣ್ಣಿಮೆಯ ತನಕ ನಡೆಯಿತು. ಇಷ್ಟು ಚರ್ಚೆಯಲ್ಲಿ ಒಂದು ಮದುವೆ ಕುದುರಿಸಬಹುದಿತ್ತು. ಅಕ್ಕ ಮೊದಲ ದಿನವೇ ಮಿಕ್ಸಿಯನ್ನು ಎತ್ತಿ ಹಳೆಯ ತುಂಡುಗಳನ್ನು ನೋಡಿದಳು. ಅವು ಯಾವ ಕಾಲಿಗೂ ಆಗುವಂತಿರಲಿಲ್ಲ. ಹೊಸದನ್ನು ತರಲೇಬೇಕು.

“ತರಬ್ಯಾಡ,” ಎಂದರು ಭಾವ. “ನಡಿಯೋದು ನಾನು ಬಿಡಂಗಿಲ್ಲ. ಮೆತ್ತೆ ಹಾಕ್ಕೊಂಡು ನಡಿಯೋದೂ ಇಲ್ಲ.”

“ಕಾಲು ತೆಗೀತಾರಂತ್ರಿ.”

“ತೆಗೆದಾಗ ನೋಡೋಣ.”

“ಆಗ ಯಾವ ಕಾಲಾಗೆ ನಡೀತೀರಿ ಹರಿಹರಕ್ಕೆ?”

“ಇನ್ನೊಂದಿರತೈತಲ್ಲ.”

ಅವರ ಹಟ ದೇವರ ಮೇಲಿನ ಭಕ್ತಿ ಎಂದು ನಾನು ತಿಳಿದಿದ್ದೆ. ಅದು ಬೇರೆಯೇ ಎಂದು ಗೊತ್ತಾದದ್ದು ಆ ವಾರದ ಒಂದು ಮಧ್ಯಾಹ್ನ. ಅಕ್ಕ ಊಟ ಮುಗಿಸಿ ಏಳುವಾಗ ಹೊಟ್ಟೆ ಹಿಡಿದುಕೊಂಡಳು. ಏನಿಲ್ಲ, ಅವರೆಕಾಳಿನ ಗ್ಯಾಸು. ಭಾವ ಕೈಲಿದ್ದ ರೊಟ್ಟಿಯನ್ನು ತಟ್ಟೆಗೆ ಹಾಕಿ, ಅಕ್ಕನ ಹೊಟ್ಟೆಯನ್ನು ನೋಡಿದರು, ಆಮೇಲೆ ಬಾಗಿಲ ಮೂಲೆಯಲ್ಲಿದ್ದ ಬೂಟನ್ನು ನೋಡಿದರು. ಅವಳು ಬಿಕ್ಕಳಿಸಿದರೂ ಅವರ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಅವರ ಲೆಕ್ಕದಲ್ಲಿ ಅಕ್ಕ ಬದುಕಿರುವುದು ಅವರ ಅಂಗಾಲಿನ ಮೇಲೆ. ಅಂಗಾಲಿಗೆ ಸುಖವಾದ ದಿನ ಅವಳ ಹೊಟ್ಟೆ ಮತ್ತೆ ಬಿಚ್ಚಿಕೊಳ್ಳುತ್ತದೆ.

ಅಕ್ಕನಿಗೂ ಅದು ಆ ಮಧ್ಯಾಹ್ನವೇ ತಿಳಿದಿರಬೇಕು. ತಟ್ಟೆ ಎತ್ತದೆ ಹಾಗೇ ಕೂತಳು.

“ನನ್ನ ಹೊಟ್ಟಿಗೆ ನಿಮ್ಮ ಕಾಲು ಕೊಡ್ರಿ ಅಂತ ನಾನು ಕೇಳಿದ್ನಾ?”

“ನೀನು ಕೇಳಾಕೆ ಎಚ್ಚರ ಎಲ್ಲಿತ್ತು?”

“ಅಯ್ಯನೋರನ್ನ ಕೇಳ್ತೀನಿ.”

“ಕೇಳು. ಅವರು ಹೇಳಿದ್ದನ್ನೇ ಹೇಳ್ತಾರೆ.”

ಅವಳು ಅಯ್ಯನವರನ್ನು ಕೇಳಲಿಲ್ಲ. ಮರುದಿನ ಬೆಳಿಗ್ಗೆ ಯಾರಿಗೂ ಹೇಳದೆ ಒಬ್ಬಳೇ ಬಸ್ಸು ಹತ್ತಿ ಹರಿಹರಕ್ಕೆ ಹೋಗಿಬಂದಳು. ಆಪರೇಶನ್ನಿನ ನಂತರ ಅವಳು ಅಷ್ಟು ದೂರ ಒಬ್ಬಳೇ ಹೋದದ್ದು ಅದೇ ಮೊದಲು. ಮಧ್ಯಾಹ್ನ ಹಣೆಯ ವಿಭೂತಿಯ ಕೆಳಗೆ ಕುಂಕುಮ, ಮುಡಿಯಲ್ಲಿ ತುಳಸಿಯ ದಳವೊಂದು ಇಟ್ಟುಕೊಂಡು ಬಂದು, ಊಟಕ್ಕೆ ಬಂದಿದ್ದ ಭಾವನ ಎದುರು ನಿಂತಳು.

“ನಾನೂ ಹರಕಿ ಹೊತ್ತು ಬಂದೀನ್ರಿ.”

“ಏನಂತ?”

“ಇವರ ಕಾಲು ಉಳಿದ್ರೆ, ವರ್ಷ ತುಂಬೋ ತನಕ ಬೂಟಿನಾಗೆ ಮೆತ್ತೆ ಹಾಕಿಸಿಯೇ ನಡಿಸ್ತೀನಿ ಅಂತ.”

ಭಾವ ಅನ್ನ ಕಲಸುವುದನ್ನು ನಿಲ್ಲಿಸಿದರು. “ಅದೇ ದೇವ್ರಿಗೆ?”

“ಅದೇ ಗುಡಿ. ನೀವು ಹರನಿಗೆ ಹೊತ್ತೀರಲ್ಲ, ಅದು ನಿಮ್ಮದು. ನಾನು ಈಚಿ ಕಡಿ ನಿಂತು ಹರಿಗೆ ಹೊತ್ತೀನಿ.”

ಆ ಮನೆಯಲ್ಲಿ ಅಂಥ ಮಾತು ಯಾವ ಸೊಸೆಯ ಬಾಯಲ್ಲೂ ಬಂದಿರಲಿಲ್ಲ. ಭಾವ ಲೆಕ್ಕ ಹಾಕಿದರು. ತಮ್ಮ ಹರಕೆಯನ್ನು ಮುರಿದರೆ ಹೆಂಡತಿಗೆ ಕೇಡು, ಹೆಂಡತಿಯ ಹರಕೆಯನ್ನು ಮುರಿಸಿದರೆ ಅದೂ ಅವಳ ತಲೆಗೇ ಬರುವ ಕೇಡು. ದಂಧೆಯಲ್ಲಿ ಎರಡೂ ಕಡೆಯ ಗಿರಾಕಿಯನ್ನು ಸಂಭಾಳಿಸಬಲ್ಲ ಮನುಷ್ಯ ಈ ಒಂದೇ ಮೂರ್ತಿಯ ಎರಡು ಅರ್ಧಗಳ ನಡುವೆ ಸಿಕ್ಕಿಕೊಂಡರು.

“ಅಲ್ಲಲೇ,” ಎಂದರು ಕೊನೆಗೆ ನನ್ನ ಕಡೆ ತಿರುಗಿ, “ನಿಮ್ಮ ಅಕ್ಕ ವೈಷ್ಣವಿ ಯಾವಾಗ ಆದ್ಲೋ?”

ಅದು ಒಪ್ಪಿಗೆ ಎಂದು ಅಕ್ಕ ತಿಳಿದಳು. ಅದು ಒಪ್ಪಿಗೆಯೇ ಆಗಿತ್ತು.

ಮೆತ್ತೆ ಹುಡುಕಲು ಹೊರಟವನು ನಾನು. ದಾವಣಗೆರೆಯಲ್ಲಿ ಬೂಟು ಮಾರುವವರು ಬೇಕಾದಷ್ಟಿದ್ದರು. ಬೂಟಿನ ಒಳಗನ್ನು ಮಾತ್ರ ಬೇರೆಯಾಗಿ ಕೇಳುವ ಗಿರಾಕಿಯನ್ನು ಅವರು ಕಂಡಿರಲಿಲ್ಲ. ಮಂಡಿಪೇಟೆಯ ಒಂದು ಅಂಗಡಿಯಲ್ಲಿ ಮಾಲೀಕರು ಬೂಟನ್ನು ಮೂಗಿನ ಹತ್ತಿರ ತಂದು, ದೂರ ಹಿಡಿದು, ಕೇಳಿದರು.

“ಇದರ ಒಳಗಿನ ಸೋಲ್ ಎಲ್ಲಿ ಹೋತ್ರಿ?”

“ತೆಗೆದಾರ್ರಿ.”

“ಯಾಕ?”

“ಮೆತ್ತಗಿತ್ತು.”

ಅವರು ಅಂಗಡಿಯ ಹುಡುಗನನ್ನು ಕರೆದರು. ಮೊಳೆಯನ್ನು ಬಡಿದು ಮಟ್ಟ ಮಾಡಿಸಿದರು. ಒಳಗಿನಿಂದ ಒಂದು ಧೂಳು ಹಿಡಿದ ಜೋಡಿ ತೆಗೆದು, ಕತ್ತರಿಯಿಂದ ಅಂಚು ಕತ್ತರಿಸಿ ಕೂಡಿಸಿದರು. “ಮಾಲ್ ಪಕ್ಕಾ ಐತೆ. ಹಾಸಿಗಿ ಮ್ಯಾಲೆ ನಡೆದಂಗೆ,” ಎಂದರು. ಈ ಮಾತನ್ನು ಮನೆಯಲ್ಲಿ ಹೇಳಬಾರದೆಂದು ಅಲ್ಲೇ ತೀರ್ಮಾನಿಸಿದೆ.

ಗಾಯ ಒಣಗಿತ್ತು. ಆ ಸಂಜೆ ಭಾವ ಪಡಸಾಲೆಯ ಖುರ್ಚಿಯಲ್ಲಿ ಕೂತು, ಇಂಜೆಕ್ಷನ್ನಿಗೆ ತೋಳು ಒಡ್ಡುವವರಂತೆ ಮುಖ ಆಚೆ ತಿರುಗಿಸಿ ಬೂಟಿನೊಳಗೆ ಕಾಲಿಟ್ಟರು. ಎದ್ದು ಗೇಟಿನ ತನಕ ನಡೆದರು. ಗೇಟು ಹಿಡಿದು ನಿಂತರು. ಅಕ್ಕ ಬಾಗಿಲಲ್ಲಿ ನಿಂತಿದ್ದಳು, ಎರಡೂ ಕೈ ಸೆರಗಿನೊಳಗೆ. ಭಾವ ತಿರುಗಿ ಬಂದರು, ಮತ್ತೊಮ್ಮೆ ಹೋದರು, ನೆಲಕ್ಕೆ ಕಾಲು ಒದ್ದು ನೋಡಿದರು.

“ಹೆಂಗದಾವ್ರಿ?” ಎಂದಳು ಅಕ್ಕ.

“ಏನೂ ಗೊತ್ತಾಗವಲ್ದು.”

“ಏನೂ ಅಂದ್ರೆ?”

“ಮೆತ್ತಗೂ ಇಲ್ಲ, ಬಿರುಸೂ ಇಲ್ಲ. ಮೊದಲು ಹೆಂಗಿತ್ತೋ ಹಂಗೇ ಐತೆ.” ಭಾವನ ಮುಖ ಅರಳಿತು. ಎಷ್ಟೋ ವಾರಗಳ ಮೇಲೆ ಅವರು ನಕ್ಕದ್ದು ಅದೇ ಮೊದಲಿರಬೇಕು. “ಸುಖ ಅನ್ನೋದು ಒಂಚೂರೂ ಇಲ್ಲ ಕಣೆ. ನನ್ನ ಹರಕಿ ಕೆಟ್ಟಿಲ್ಲ, ನಿಂದೂ ಕೆಟ್ಟಿಲ್ಲ. ನೀನೇನು ಹೆದರಬ್ಯಾಡ.”

ಅಕ್ಕ ನಗಲಿಲ್ಲ. ಹೊಸ್ತಿಲು ಇಳಿದು ಬಂದು, ಅವರನ್ನು ಮೆಟ್ಟಿಲ ಮೇಲೆ ಕೂಡಿಸಿ, ಬೂಟಿನ ದಾರ ಬಿಚ್ಚಿದಳು. ಒಂದೊಂದೇ ಬೂಟಿನೊಳಗೆ ಕೈ ಹಾಕಿ, ಬೆರಳ ತುದಿಯಿಂದ ಹಿಮ್ಮಡಿಯ ತನಕ ಅಂಗೈ ಒತ್ತಿ, ನಿಧಾನಕ್ಕೆ ಮುಟ್ಟಿ ನೋಡಿದಳು.

“ಮೆತ್ತಗೈತ್ರಿ,” ಎಂದಳು.