ಮಿಕ್ಸರಿನ ಮೇಲಿನ ಕುಂಕುಮ

ಯಾರೂ ಮುಟ್ಟದೆಯೇ ಆ ಪೆಟ್ಟಿಗೆಯ ಎಂಟೂ ಗುಂಡಿಗಳು ತಮ್ಮ ಸೀಳುಗಳಲ್ಲಿ ಸರ್ರನೆ ಮೇಲೇರಿ ಒಂದೊಂದೂ ಒಂದೊಂದು ಎತ್ತರಕ್ಕೆ ನಿಂತವು. ಗಂಗಾವತಿಯ ಅಂಗಡಿಯಲ್ಲಿ ನಾನು ಬೆಚ್ಚಿ ಹಿಂದೆ ಸರಿದೆ.

“ಹೆದರಬ್ಯಾಡ್ರಿ ಅಕ್ಕಾರ. ಹಿಂದಿನ ಹಾಡಿಗೆ ಎಲ್ಲಿ ಇಟ್ಟಿದ್ವೋ ಅಲ್ಲಿಗೇ ಬಂದು ನಿಂತಾವ,” ಎಂದರು ಅಂಗಡಿಯವರು.

ಕನಕಗಿರಿಯ ನಮ್ಮ ರೆಕಾರ್ಡಿಂಗ್ ಕೋಣೆಗೆ ಕಂಪ್ಯೂಟರ್ ಬಂದ ಮೇಲೆ, ಮೌಸ್ ಹಿಡಿದು ದನಿ ಏರಿಳಿಸುವುದು ಮನೆಯವರ ಕೈಗೆ ಒಗ್ಗಿರಲಿಲ್ಲ. ಅದಕ್ಕೇ ಕಂಪ್ಯೂಟರಿಗೆ ಜೋಡಿಸಿ, ಬೆರಳಿನಿಂದ ಗುಂಡಿ ಮೇಲೆ ಕೆಳಗೆ ಸರಿಸಿ ದನಿ ಹೊಂದಿಸುವ ಕಂಟ್ರೋಲರ್ ಪೆಟ್ಟಿಗೆ ಕೊಳ್ಳಲು ಹೋಗಿದ್ದೆವು. ಕ್ಯಾಸೆಟ್ ಕಾಲದ ಹಳೆಯ ಮಿಕ್ಸರಿನಲ್ಲಿ ಭಜನೆಯವರ ದನಿ ಎಲ್ಲಿರಬೇಕು, ತಬಲಾ ಎಲ್ಲಿರಬೇಕು ಎಂದು ಗುಂಡಿಯ ಪಕ್ಕ ಒದ್ದೆ ಕುಂಕುಮದ ಬೊಟ್ಟಿಟ್ಟು ಗುರುತು ಮಾಡುತ್ತಿದ್ದವಳು ನಾನು. ಆ ಕೋಣೆಯಲ್ಲಿ ನನಗಿದ್ದದ್ದು ಅದೊಂದೇ ಕೆಲಸ.

“ಹಂಗಾದ್ರ ನನ್ನ ಕೆಲಸ ಮುಗೀತು ಬಿಡ್ರಿ,” ಎಂದೆ, ನಗುತ್ತಲೇ.

ಮನೆಯವರು ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ, ಪಕ್ಕದಲ್ಲಿದ್ದ, ಕೈಯಿಂದಲೇ ಸರಿಸಬೇಕಾದ ಸಾದಾ ಪೆಟ್ಟಿಗೆಯನ್ನು ತಮ್ಮತ್ತ ಎಳೆದುಕೊಂಡರು.

“ಇದನ್ನ ಕಟ್ರಿ. ತಾನ ಓಡಾಡೋದು ನಮಗ್ಯಾಕ? ನಮ್ಮಲ್ಲಿ ಗುರುತು ಇಡೋರು ಅದಾರ.”

ಈಗ ಹಾಡಿನವರು ಬರುವ ದಿನ ದೇವರ ಜಗಲಿಯ ಕುಂಕುಮದ ಬಟ್ಟಲು ಮತ್ತೆ ನನ್ನ ಜೊತೆ ಆ ಕೋಣೆಗೆ ಹೋಗುತ್ತದೆ. ಹೊಸ ಪೆಟ್ಟಿಗೆಯ ಕಪ್ಪು ಮೈಮೇಲೆ ಬೊಟ್ಟು ಮೊದಲಿಗಿಂತ ಚೆನ್ನಾಗಿ ಕಾಣುತ್ತದೆ.