ಹೊಂಗೆ ಎಣ್ಣೆಯ ಹನಿ ಮತ್ತು ನಮ್ಮ ಫಿಸಿಕ್ಸ್ ಮೇಡಂ

ಮೊನ್ನೆ ನಮ್ಮ ಸೊಸೆ ಮಗುವಿಗೆ ಕಾಡಿಗೆ ಮಾಡುತ್ತೇನೆಂದು ಹರಳೆಣ್ಣೆ ದೀಪದ ಮೇಲೆ ತಟ್ಟೆ ಕವುಚಿಟ್ಟಿದ್ದಳು. ಅಂಗಡಿಯಲ್ಲಿ ಸಿಗುವುದಕ್ಕೆ ಇಷ್ಟೆಲ್ಲ ರಂಪ ಏಕೆ ಎಂದು ಗೊಣಗುತ್ತ ಅಡುಗೆಮನೆಗೆ ಹೋದವಳು, ಆ ಮಸಿಯ ವಾಸನೆಗೆ ಅಲ್ಲೇ ನಿಂತುಬಿಟ್ಟೆ. ಕೋಲಾರದ ಕಾಲೇಜು, ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿದ ಲ್ಯಾಬು, ನಮ್ಮ ಫಿಸಿಕ್ಸ್ ಮೇಡಂ...

ಎಂಬತ್ತರ ದಶಕ ಆಗತಾನೇ ಶುರುವಾಗಿತ್ತು. ನಾನು ಕೆಮಿಸ್ಟ್ರಿ ಲ್ಯಾಬಿನಲ್ಲಿ ಡೆಮಾನ್‌ಸ್ಟ್ರೇಟರ್. ಮೇಡಂ ಶ್ರೀನಿವಾಸಪುರದವರು, ಮನೆಯಲ್ಲಿ ತೆಲುಗು, ತರಗತಿಯಲ್ಲಿ ಇಂಗ್ಲಿಷ್, ಕೋಪ ಬಂದರೆ ಎರಡೂ. ಹಣೆಯಲ್ಲಿ ವಿಭೂತಿ ಇಲ್ಲದೆ ಅವರನ್ನು ಕಂಡವರಿಲ್ಲ. ಪಿಎಚ್‌ಡಿ ಕೆಲಸಕ್ಕೆಂದು ಅವರಿಗೆ ಒಂದು ವರ್ಷ ಪಾಠದಿಂದ ಬಿಡುವು ಕೊಟ್ಟಿದ್ದರು. ವರ್ಷದೊಳಗೆ ಫಲಿತಾಂಶ ತೋರಿಸದಿದ್ದರೆ ಡಿಗ್ರಿಯ ಆಸೆ ಬಿಟ್ಟಂತೆಯೇ ಎಂಬುದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಅವರ ಕೆಲಸವೆಲ್ಲ ಒಂದು ಹನಿಯ ಸುತ್ತ. ಕೂದಲಿನಷ್ಟು ಸಣ್ಣ ಸ್ಫಟಿಕದ ಎಳೆಯ ತುದಿಗೆ ಸೀಮೆಎಣ್ಣೆಯ ಹನಿಯೊಂದನ್ನು ತೂಗುಬಿಟ್ಟು ಬೆಂಕಿ ಮುಟ್ಟಿಸುವುದು. ಹಿಂದಿನಿಂದ ಸ್ಲೈಡ್ ಪ್ರೊಜೆಕ್ಟರಿನ ಬೆಳಕು ಬಿಟ್ಟರೆ ಹನಿಯ ನೆರಳು ಎದುರು ಗೋಡೆಯ ಮೇಲೆ ನಿಂಬೆಹಣ್ಣಿನಷ್ಟಾಗಿ ಬೀಳುತ್ತಿತ್ತು. ಅದು ಉರಿಯುತ್ತ ಕಡಲೆಕಾಳಾಗಿ, ಸಾಸಿವೆಯಾಗಿ ಮಾಯವಾಗುವುದನ್ನು ಅವರು ಉಸಿರು ಬಿಗಿಹಿಡಿದು ಅಳೆಯುತ್ತಿದ್ದರು. ಉಸಿರು ಬಿಟ್ಟರೆ ಜ್ವಾಲೆ ವಾಲುತ್ತದಲ್ಲ! ಜ್ವಾಲೆಯ ಮೇಲೆ ಹಿಡಿದ ಗಾಜಿನ ಪಟ್ಟಿಗೆ ಮಸಿ ಕೂರುತ್ತಿತ್ತು. ಅದರ ಮೂಲಕ ಬೆಳಕು ಹಾಯಿಸಿ ಎಷ್ಟು ಕಪ್ಪು ಎಂದು ನೋಡುವುದು. "ನಮ್ಮಜ್ಜಿ ಕಾಡಿಗೆ ಮಾಡ್ತಿದ್ರಲ್ಲ, ಅದೇ ಕಣಮ್ಮ. ನಾನು ಇಂಗ್ಲಿಷ್‌ನಲ್ಲಿ ಮಾಡ್ತಿದೀನಿ ಅಷ್ಟೆ," ಎನ್ನುತ್ತಿದ್ದರು.

ಸೀಮೆಎಣ್ಣೆಗೆ ಹೊಂಗೆ ಎಣ್ಣೆ ಬೆರೆಸಿದರೆ ಮಸಿ ಕಡಿಮೆಯಾಗುತ್ತದೆಯೇ ಎಂಬುದು ಅವರ ಪ್ರಶ್ನೆ. ನಮ್ಮ ಸೀಮೆಯಲ್ಲಿ ಹೊಂಗೆ ಮರಕ್ಕೆ ಬರವೇ? ಬರೀ ಸೀಮೆಎಣ್ಣೆಯ ಹನಿಗಳನ್ನು ದಸರಾಕ್ಕೆ ಮೊದಲೇ ಉರಿಸಿ ಅಳೆದಿಟ್ಟಿದ್ದರು. ರಜೆ ಮುಗಿದ ಮೇಲೆ ಬೆರಕೆ ಎಣ್ಣೆಯ ಸರದಿ. ನೋಡಿದರೆ ಮಸಿ ಅರ್ಧಕ್ಕರ್ಧ ಇಳಿದಿದೆ! ಬೆಂಗಳೂರಿನಿಂದ ಬಂದ ಅವರ ಗೈಡ್ ಅದನ್ನು ಕಂಡು ಹಿಗ್ಗಿ, "ಇಷ್ಟು ಸಾಕು, ಬರೆಯೋಕೆ ಕೂತ್ಕೊಳ್ಳಿ. ಡಿಗ್ರಿ ಕೈಗೆ ಬಂದ ಹಾಗೇ," ಎಂದುಬಿಟ್ಟರು. ಸ್ಟಾಫ್ ರೂಮಿನಲ್ಲಿ ನಾವೆಲ್ಲ ಸೇರಿ ಮೈಸೂರುಪಾಕು ಹಂಚಿದೆವು.

ಮೇಡಂ ಮಾತ್ರ ಮೈಸೂರುಪಾಕನ್ನು ಕೈಯಲ್ಲೇ ಹಿಡಿದು ಕೂತಿದ್ದರು. ಜ್ವಾಲೆಯ ಬಣ್ಣ ಯಾಕೋ ಮೊದಲಿನಂತಿಲ್ಲ ಎಂಬುದು ಅವರ ತಕರಾರು. ಮಾರನೆಯ ದಿನ ಬರೀ ಸೀಮೆಎಣ್ಣೆಯ ಹನಿಯನ್ನೇ ಮತ್ತೆ ಉರಿಸಿ ನೋಡಿದರು. ಅದರ ಮಸಿಯೂ ಕಡಿಮೆ! "ಸ್ವಲ್ಪ ಆಸಿಡ್ ಕೊಡಮ್ಮ," ಎಂದು ನನ್ನ ಲ್ಯಾಬಿಗೆ ಬಂದರು. ಎಳೆಯನ್ನು ಆಸಿಡ್ಡಿನಲ್ಲಿ ಅದ್ದಿ, ತೊಳೆದು, ಮತ್ತೆ ಹನಿ ಉರಿಸಿದಾಗ ಮಸಿ ಹಿಂದಿನಷ್ಟೇ ಕಪ್ಪಗೆ ಕೂತಿತು. ಮೇಡಂ ಹಣೆ ಮುಟ್ಟಿಕೊಂಡರು.

"ಅಯ್ಯೋ, ಆಯುಧಪೂಜೆ ದಿನ ನಾನೇ ಅಲ್ವೇನಮ್ಮ ಇದಕ್ಕೆ ವಿಭೂತಿ ಹಚ್ಚಿದ್ದು!"

ಪ್ರೊಜೆಕ್ಟರು, ಸ್ಟಾಪ್‌ವಾಚು, ಯಾವುದನ್ನೂ ಅವರು ಬಿಟ್ಟಿರಲಿಲ್ಲ. ಎಳೆಯ ತುದಿಗೂ ಭಕ್ತಿಯಿಂದ ಒಂದು ಚುಕ್ಕೆ ಇಟ್ಟಿದ್ದರು. ಬೂದಿಯ ಲವಣ ಉರಿಯಲ್ಲಿ ಸೇರಿ ಮಸಿಯನ್ನು ತಗ್ಗಿಸಿತ್ತು. ತೊಳೆದ ಎಳೆಯಲ್ಲಿ ಬೆರಕೆ ಎಣ್ಣೆ ಉರಿಸಿದರೆ, ಬರೀ ಸೀಮೆಎಣ್ಣೆಗೂ ಅದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ನಗಬೇಕೋ ಅಳಬೇಕೋ ತಿಳಿಯದೆ ನಾನು ಪಕ್ಕದಲ್ಲಿ ನಿಂತಿದ್ದೆ.

ಗೈಡ್ ಮತ್ತೆ ಬಂದಾಗ ಮೇಡಂ ನನ್ನೆದುರಿಗೇ ಏನನ್ನೂ ಮುಚ್ಚಿಡದೆ ಹೇಳಿದರು. ಗೈಡ್ ಅದನ್ನು ಕೇಳಿ, ದನಿ ತಗ್ಗಿಸಿ, "ನಮ್ಮ ಮೂವರನ್ನ ಬಿಟ್ರೆ ಇದು ಯಾರಿಗೆ ಗೊತ್ತು? ವರ್ಷ ಮುಗೀತಾ ಬಂತು. ಮೊದಲು ಬಂದಿದ್ದನ್ನೇ ಬರೆದುಬಿಡಿ," ಎಂದರು. ಕೆಟ್ಟ ಮನುಷ್ಯರೇನಲ್ಲ, ಶಿಷ್ಯೆಯ ಮೇಲಿನ ಕನಿಕರ ಅಷ್ಟೆ. ನಿಜ ಹೇಳುತ್ತೇನೆ, ಮೇಡಂ ಹೂಂ ಅನ್ನಲಿ ಎಂದೇ ನನಗೂ ಆಸೆಯಿತ್ತು.

"ಸಾರ್, ವಿಭೂತಿ ನಾನು ದಿನಾ ಇಟ್ಕೊಳ್ಳೋಳೇ," ಎಂದರು ಮೇಡಂ. "ಆದ್ರೆ ಅದು ಮಾಡಿದ ಕೆಲಸಾನ ಹೊಂಗೆ ಎಣ್ಣೆ ಮಾಡ್ತು ಅಂತ ಹೆಂಗೆ ಬರ್ಕೊಡ್ಲಿ?"

ವರ್ಷ ಮುಗಿಯಿತು. ಇನ್ನೊಂದು ವರ್ಷ ಕೇಳಿದರು, ಸಿಗಲಿಲ್ಲ. ಮುಳಬಾಗಿಲಿಗೆ ವರ್ಗವಾಗಿ, ನಿವೃತ್ತಿಯವರೆಗೂ ಪಾಠ ಹೇಳಿದರು. ಆಮೇಲೆ ಎಷ್ಟೋ ಸಲ ಸಿಕ್ಕರು, ಮಕ್ಕಳು, ಮಾವಿನಕಾಯಿ, ಮೊಣಕಾಲು ನೋವು ಎಲ್ಲ ಮಾತಾಡಿದೆವು. ಅದೊಂದನ್ನು ಮಾತ್ರ ಅವರು ಎತ್ತಲಿಲ್ಲ. ಅವರಷ್ಟು ಗಟ್ಟಿಯಾದ ಇನ್ನೊಬ್ಬ ಹೆಂಗಸನ್ನು ನಾನು ಕಾಣಲಿಲ್ಲ. ಇದನ್ನು ಅವರೆದುರಿಗೇ ಒಮ್ಮೆ ಹೇಳಬೇಕಿತ್ತು...

ಹೋದ ವರ್ಷ ತೀರಿಕೊಂಡರು. ತಿಥಿಗೆ ಶ್ರೀನಿವಾಸಪುರಕ್ಕೆ ಹೋಗಿದ್ದೆ. ಊಟವಾದ ಮೇಲೆ ಅವರ ಮಗಳು ಎಲೆ ಅಡಿಕೆ ತಟ್ಟೆ ಹಿಡಿದು ಬಂದು ನನ್ನ ಪಕ್ಕ ಕೂತಳು.

"ಆಂಟಿ, ನೀವು ಜೊತೇಲೇ ಇದ್ರಲ್ಲ. ಅಮ್ಮಂಗೆ ಪಿಎಚ್‌ಡಿ ಯಾಕೆ ಆಗ್ಲಿಲ್ಲ? ಕೇಳಿದಾಗೆಲ್ಲ, ನನ್ ಕೈಲಿ ಆಗ್ಲಿಲ್ಲ ಕಣೇ, ಅಂತಿದ್ರು."

"ಕೈಗೆ ಬಂದಿತ್ತು ಕಣಮ್ಮ," ಎಂದೆ. "ನಿಮ್ಮಮ್ಮನೇ ಬೇಡ ಅಂದ್ರು."