ಬೆಡಗು ಕೇಳಿದೆವು, ಕಣ್ಣು ಕೇಳಲಿಲ್ಲ

ಆಳಂದದ ಪಿಯು ಕಾಲೇಜಿನಲ್ಲಿ ನಾನು ಜೀವಶಾಸ್ತ್ರ ಕಲಿಸಲು ಶುರು ಮಾಡಿ ಇಪ್ಪತ್ತು ವರ್ಷ ದಾಟಿತು. ವರ್ಣತಂತುವಿನ ಪಾಠಕ್ಕೆ ನನಗೆ ಪುಸ್ತಕ ಬೇಕಿಲ್ಲ. ಬೋರ್ಡಿನ ಮೇಲೆ ಎರಡು ಉದ್ದ ಗೆರೆ ಎಳೆದು, "ಇದೊಂದು ಎರಡೆಳೆ ಸರ ಅಂತ ತಿಳೀರಿ. ಒಂದೆಳಿ ಅಪ್ಪಂದು, ಒಂದೆಳಿ ಅವ್ವಂದು" ಎನ್ನುತ್ತೇನೆ. ಗುಂಡು ಪೋಣಿಸಿದಂತೆ ವಂಶವಾಹಿಗಳು ಅದರಲ್ಲಿ ಸಾಲಾಗಿ ಕೂತಿರುತ್ತವೆ. ಒಂದೊಂದಕ್ಕೂ ಅದರದೇ ಜಾಗ. ಒಂದೆಳೆಯಲ್ಲಿ ಗುಂಡು ಕೆಟ್ಟಿದ್ದರೂ ಎಷ್ಟೋ ಸಲ ಇನ್ನೊಂದೆಳೆಯ ಅದೇ ಜಾಗದ ಗುಂಡು ಕೆಲಸ ಸಂಭಾಳಿಸುತ್ತದೆ. ಎರಡೂ ಕೆಟ್ಟರೆ ಮುಗಿಯಿತು. ಅದೂ ಹುಟ್ಟಿದ ಕೂಡಲೇ ಗೊತ್ತಾಗುತ್ತದೆಂದೇನಿಲ್ಲ. ಕಣ್ಣಿಗೆ ಬೇಕಾದ ವಂಶವಾಹಿ ಅಂಗಾಲಿನ ಚರ್ಮದಲ್ಲೂ ಇರುತ್ತದೆ, ಆದರೆ ಅಲ್ಲಿ ಬಾಯಿ ಬಿಡುವುದಿಲ್ಲ. ಕಣ್ಣಿನಲ್ಲಿ, ತನ್ನ ವೇಳೆ ಬಂದಾಗ ಬಿಡುತ್ತದೆ. ಇಷ್ಟು ಹೇಳಿ ತಿರುಗಿದರೆ ಹಿಂದಿನ ಬೆಂಚಿನಿಂದ ಒಬ್ಬ, "ಇದು ಎಷ್ಟು ಮಾರ್ಕ್ಸಿಗೆ ಬರ್ತದ್ರಿ ಮೇಡಂ?" ಎನ್ನುತ್ತಾನೆ.

ನನ್ನ ಅಣ್ಣ ಜೇವರ್ಗಿಯಲ್ಲಿದ್ದಾನೆ. ಅವನ ಹೆಂಡತಿ, ನಮ್ಮ ವೈನಿ, ಅಫಜಲಪುರದಲ್ಲಿರುವ ಸೋದರಮಾವನ ಮಗಳು. ಅವರಿಗೆ ಇಬ್ಬರು ಗಂಡುಮಕ್ಕಳು. ಕಿರಿಯವನು ಆರೇಳು ವರ್ಷದವನಿದ್ದಾಗ ಹೊತ್ತು ಮುಳುಗಿದರೆ ಸಾಕು, ಗೋಡೆ ಹಿಡಿದು ನಡೆಯತೊಡಗಿದ. ಇರುಳುಗಣ್ಣು ಎಂದರು. ಗಜ್ಜರಿ ತಿನ್ನಿಸಿದರು, ದೃಷ್ಟಿ ತೆಗೆದರು. ಕಲಬುರಗಿಯ ಡಾಕ್ಟರು ಕಣ್ಣಿನ ಒಳಪದರ ಸಾಯುತ್ತಿದೆ ಎಂದು ಹೇಳಿ, ಗಂಡ ಹೆಂಡತಿ ರಕ್ತಸಂಬಂಧಿಗಳೇನು ಎಂದು ಕೇಳಿದರಂತೆ. ಅಣ್ಣ ಕಿಡಿಕಿಡಿಯಾಗಿ ಬಂದ.

"ನಮ್ಮ ಬೆಡಗು ಬ್ಯಾರೆ, ಆಕೀ ಬೆಡಗು ಬ್ಯಾರೆ. ರಕ್ತ ಎಲ್ಲಿಂದ ಒಂದಾಗ್ತದ?"

ನಮ್ಮಲ್ಲಿ ಸಂಬಂಧ ಕೂಡಿಸುವಾಗ ಮೊದಲು ಕೇಳುವುದೇ ಬೆಡಗು, ಗೋತ್ರ ಇದ್ದಂತೆ. ಒಂದೇ ಬೆಡಗಿನವರು ಅಣ್ಣ-ತಂಗಿ, ಮದುವೆ ಕೂಡದು. ಬೇರೆಯಾದರೆ ಎಲ್ಲರೂ ನಿಶ್ಚಿಂತೆ. ಆದರೆ ಬೆಡಗು ಬರುವುದು ಅಪ್ಪನಿಂದ ಮಾತ್ರ. ಅವ್ವ ಕೊಟ್ಟ ಎಳೆಯನ್ನು ಯಾವ ಹಿರಿಯನೂ ಇದುವರೆಗೆ ಲೆಕ್ಕಕ್ಕೆ ಹಿಡಿದಿಲ್ಲ. ಅಣ್ಣನ ಕಿರಿಯ ಮಗನಿಗೆ ಇಪ್ಪತ್ತು ತುಂಬುವಷ್ಟರಲ್ಲಿ ಮಟಮಟ ಮಧ್ಯಾಹ್ನದಲ್ಲೂ ಮುಂದಿಟ್ಟ ಊಟದ ಗಂಗಾಳ ಪೂರ್ತಿ ಕಾಣದಂತಾಯಿತು.

ಹಿರಿಯವನ ಕಣ್ಣು ಚೊಕ್ಕ. ಒಳ್ಳೆಯ ಹುಡುಗ, ತೊಗರಿ ವ್ಯಾಪಾರ. ಅಣ್ಣ ಅವನಿಗೆ ನನ್ನ ಮಗಳನ್ನು ಕೇಳಿದ. ಕೇಳಿದ ಎನ್ನುವುದೂ ಸುಳ್ಳು. "ತಂಗಿ ಮಗಳ ಮ್ಯಾಲ ನನ್ನ ಹಕ್ಕದ" ಎಂದ, ಅಷ್ಟೇ. ನಮ್ಮ ಮನೆಯವರು ತಲೆಯಾಡಿಸಿದರು. ಮಗಳಿಗೂ ಅವನೆಂದರೆ ಜೀವ.

ನನಗೆ ನಿದ್ದೆ ಹಾರಿತು. ಕಿರಿಯವನ ಕಣ್ಣು ಕೆಡಿಸಿದ ವಂಶವಾಹಿ ಹಿರಿಯವನಲ್ಲೂ ಒಂದೆಳೆಯಲ್ಲಿ ಸುಮ್ಮನೆ ಕೂತಿರಬಹುದು. ನನ್ನ ತವರಿನದೇ ಆದ್ದರಿಂದ ನನ್ನಲ್ಲೂ ಇರಬಹುದು, ನನ್ನಿಂದ ಮಗಳಿಗೂ ಹೋಗಿರಬಹುದು. ಇಬ್ಬರಲ್ಲೂ ಇದ್ದರೆ ಹುಟ್ಟುವ ಕೂಸಿನ ಗತಿಯೇನು? ರಕ್ತ ಪರೀಕ್ಷೆ ಮಾಡಿಸಿದರೆ ತಿಳಿಯುತ್ತಿತ್ತು. ಬಾಯಿಗೆ ಸಕ್ಕರೆ ಹಾಕಿ ಸಂಬಂಧ ಗಟ್ಟಿ ಮಾಡುವ ಮೊದಲೇ ಹೇಳಿಬಿಡಬೇಕು ಎಂದುಕೊಂಡೇ ನಿಶ್ಚಯದ ದಿನ ಮಗಳನ್ನು ಕರೆದುಕೊಂಡು ಜೇವರ್ಗಿಯ ಬಸ್ಸು ಹತ್ತಿದೆ.

"ಅಣ್ಣಾ, ಇಬ್ಬರದೂ ಒಂದ್ಸಲ ರಕ್ತ ಪರೀಕ್ಷಾ..." ಎಂದೆ.

ಸಕ್ಕರೆ ತಾಟು ಹಿಡಿದಿದ್ದ ವೈನಿ ನಿಂತಳು. "ಯಾಕ್ರಿ? ನನ್ನ ಹೊಟ್ಟ್ಯಾಗ ಹುಟ್ಟಿದ್ದೆಲ್ಲಾ ಕೆಟ್ಟದ್ದು ಅಂತ ಹೇಳಾಕತ್ತೀರೇನ್ರಿ?"

ಕಿರಿಯವನು ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದ. ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದ. ಅವನ ಮುಂದೆ ಹೇಗೆ ಹೇಳಲಿ? "ಹಿಮೋಗ್ಲೋಬಿನ್ ನೋಡ್ಸೂಣು ಅಂದೇರಿ ವೈನಿ, ಹುಡಿಗಿ ಬಾಳ ಸೊರಗ್ಯಾಳ" ಎಂದೆ. ಎಲ್ಲರೂ ನಕ್ಕರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನಾನು ಆಡದೆ ಕಳೆದೆ. ಹೇಡಿ ನಾನು, ಬೇರೆ ಮಾತು ಬೇಡ.

ಮೊಮ್ಮಗಳಿಗೆ ಈಗ ಆರು ವರ್ಷ. ಅವಳು ಐದು ದಾಟಿದಾಗಿನಿಂದ ನನಗೆ ಸಂಜೆ ಎಂದರೆ ಭಯ. ಹೋದ ತಿಂಗಳು ಜೇವರ್ಗಿಗೆ ಹೋದಾಗ, ಇನ್ನೂ ಕತ್ತಲಾಗಿರಲಿಲ್ಲ, ಬರೀ ಮಬ್ಬು. ಬೇಕೆಂದೇ ನನ್ನ ಕರಿ ಚಪ್ಪಲಿಯನ್ನು ಅಂಗಳದ ನಡುವೆ ಬಿಟ್ಟು ಬಂದು, "ಅಂಗಳದಾಗ ನನ್ನ ಚಪ್ಪಲ್ ಅದಾವ, ತಗೊಂಡ ಬಾ ನನ್ನವ್ವಾ" ಎಂದೆ.

ಓಡಿದ ಮಗು ಹೊಸ್ತಿಲಲ್ಲಿ ನಿಂತಿತು. ಆಮೇಲೆ ಒಂದು ಕಾಲು ಮುಂದೆ ಚಾಚಿ, ಬೆರಳಿನಿಂದ ನೆಲ ತಡವಿತು. ಚಪ್ಪಲಿ ಇದ್ದದ್ದು ನಾಲ್ಕು ಹೆಜ್ಜೆ ಆಚೆ. ನನಗೆ ಕೂತಲ್ಲಿಂದಲೇ ಕಾಣುತ್ತಿತ್ತು.

"ಬಿಡವ್ವಾ." ಮಗಳು ನನ್ನ ಹಿಂದೆ ನಿಂತಿದ್ದಳು. "ನಾನೂ ಹಂಗ ಇಟ್ಟು ನೋಡೇನಿ. ದೀಪಾವಳಿಯಿಂದ ದಿನಾ ನೋಡಾಕತ್ತೇನಿ."

ಅವಳು ಹೋಗಿ ಮಗುವನ್ನು ಎತ್ತಿಕೊಂಡು ಬಂದಳು. ನನಗೆ ತಡೆಯಲಾಗಲಿಲ್ಲ. ಏಳು ವರ್ಷ ನುಂಗಿಕೊಂಡಿದ್ದು ಹೊರಗೆ ಬಂತು. "ತಪ್ಪು ನಂದು. ನನಗ ಮೊದಲ ಗೊತ್ತಿತ್ತು. ನಿಶ್ಚಯದ ದಿನಾನ ನಾ ಹೇಳಬೇಕಾಗಿತ್ತು" ಎಂದೆ. ಅವಳು ಬೈಯಲಿ, ಮನೆಯಿಂದ ಹೊರಗೆ ಹಾಕಲಿ ಎಂದು ಕಾದೆ.

ಅವಳು ಬೈಯಲಿಲ್ಲ. ಮಗುವಿನ ಕಾಲಿಗೆ ಹತ್ತಿದ ಮಣ್ಣು ಒರೆಸುತ್ತ ಹೇಳಿದಳು.

"ನಿನ್ನ ಕ್ಲಾಸಿನ್ಯಾಗ ನಾನೂ ಎರಡು ವರ್ಷ ಕುಂತೇನಿ ಅವ್ವಾ. ಆ ಪಾಠ ನಾನೂ ಬರಕೊಂಡೇನಿ. ನೀ ಸುಮ್ಮನ ಕುಂತಿದ್ದು ನೋಡಿ, ಅಂಜೂದೇನಿಲ್ಲ ಅಂತ ಹೂಂ ಅಂದೆ."